ಹಿಂದಿನ ಸೀಟಿನ ಮಳೆಗಾಲ

ಬಸ್ಸು ಝುವಾರಿ ಸೇತುವೆಯ ನಡುವೆ ನಿಂತಾಗ ನನ್ನ ಎರಡೂ ಕೈಗಳು ತಾವಾಗಿಯೇ ತೊಡೆಯ ಕೆಳಗೆ ಹೋಗಿ ಕುಳಿತವು. ಎಂಟು ವರ್ಷದ ಮೇಲೆ ಗೋವೆಗೆ ಬಂದಿದ್ದೆ. ಕಿಟಕಿಯ ರಬ್ಬರಿನ ಸಂದಿಯಿಂದ ನೀರು ಒಸರುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರದೋ ಚೀಲದಿಂದ ಒಣಮೀನಿನ ವಾಸನೆ. ಎದುರಿನಿಂದ ಬಸ್ಸೊಂದು ಹಾದುಹೋದಾಗ ನಮ್ಮ ಕೆಳಗೆ ಸೇತುವೆ ಮೆಲ್ಲಗೆ ತಗ್ಗಿ ಮತ್ತೆ ಎದ್ದಿತು. ಪಕ್ಕದಲ್ಲಿದ್ದ ಹೆಂಗಸು ನನ್ನ ಕೈಗಳನ್ನು ನೋಡಿ, ಚಳಿಯೇ ಎಂದು ಕೊಂಕಣಿಯಲ್ಲಿ ಕೇಳಿದಳು. ಹೌದು ಎಂದೆ.

ನಾನು ಹೇಳಬೇಕೆಂದಿರುವುದು ೨೦೦೪ರ ಮಳೆಗಾಲದ ಬಗ್ಗೆ. ಆ ವರ್ಷ ಮಳೆ ವಿಪರೀತವಿತ್ತು ಎಂದು ಬರೆಯಲು ಹೊರಟು ನಿಲ್ಲಿಸಿದ್ದೇನೆ. ಇತ್ತೇ? ಧಾರವಾಡದಿಂದ ಬಂದವಳಿಗೆ ಗೋವೆಯ ಮೊದಲ ಮಳೆಗಾಲ ಯಾವುದಾದರೂ ವಿಪರೀತವೇ. ನೆನಪು ತನಗೆ ಬೇಕಾದ ಕಡೆ ಮಳೆ ಸುರಿಸುತ್ತದೆ. ಅದಕ್ಕೆ ಇಲ್ಲಿ, ಯಾರದಾದರೂ ಸೆರಗು ಒದ್ದೆಯಾಗಿದ್ದದ್ದು ನನಗೆ ಖಚಿತವಾಗಿ ಗೊತ್ತಿರುವ ಕಡೆ ಮಾತ್ರ ಮಳೆ ಬರುತ್ತದೆ. ಉಳಿದ ಕಡೆ ಓದುವವರು ಬೇಕಾದ ಹವೆ ಹಾಕಿಕೊಳ್ಳಬಹುದು.

ನನ್ನ ಗಂಡನನ್ನು ಬ್ಯಾಂಕಿನವರು ವಾಸ್ಕೋಗೆ ವರ್ಗ ಮಾಡಿದ್ದರು. ನನ್ನ ಬಳಿ ಮನಶ್ಶಾಸ್ತ್ರದ ಎಂ.ಎ. ಇತ್ತು, ಮೊದಲ ದರ್ಜೆ, ಕೆಲಸ ಇರಲಿಲ್ಲ. ಝುವಾರಿನಗರದಲ್ಲಿ ಒಂದು ಧರ್ಮಾರ್ಥ ಸಂಸ್ಥೆ ರೇಷನ್ ಅಂಗಡಿಯ ಮೇಲಿನ ಕೋಣೆಯಲ್ಲಿ ಉಚಿತ ಆಪ್ತಸಲಹೆ ಕೇಂದ್ರ ನಡೆಸುತ್ತಿತ್ತು. ಅಲ್ಲಿಗೆ ಬರುವವರು ಬಹುಪಾಲು ಬಾದಾಮಿ, ಮುದ್ದೇಬಿಹಾಳ, ಗಜೇಂದ್ರಗಡದ ಕಡೆಯಿಂದ ಕಟ್ಟಡದ ಕೆಲಸಕ್ಕೂ ಬಂದರಿನ ಕೆಲಸಕ್ಕೂ ಬಂದು ನೆಲೆಸಿದವರು. ಕನ್ನಡ ಬಲ್ಲವರು ಬೇಕಾಗಿತ್ತು, ನನ್ನನ್ನು ತೆಗೆದುಕೊಂಡರು. ಉತ್ಸಾಹದಲ್ಲಿ ಹೊರಗಿನ ಬೋರ್ಡಿನ ಮೇಲೆ ನನ್ನ ಹೆಸರು, ಅದರ ಕೆಳಗೆ ‘ಮನೋವಿಜ್ಞಾನಿ’ ಎಂದೂ ಬರೆಸಿದರು.

ಆ ಬೋರ್ಡು ಒಂದು ವಾರ ಬಾಳಿತು. ವಸುಧಾ ನಾಯಕ ಎಂಬವರು ಮಂಗಳವಾರ ಮತ್ತು ಶುಕ್ರವಾರ ಪಣಜಿಯಿಂದ ಬಂದು ನನ್ನ ಕೆಲಸದ ಮೇಲ್ವಿಚಾರಣೆ ಮಾಡಬೇಕೆಂದು ನಿಗದಿಯಾಗಿತ್ತು. ಕಾರವಾರದವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಎಂ.ಎ. ಆದ ಮೇಲೆ ಮಾನಸಿಕ ಆಸ್ಪತ್ರೆಯೊಂದರಲ್ಲಿ ಎರಡು ವರ್ಷ ತರಬೇತಿ ಪಡೆದು, ದಿಲ್ಲಿಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು. ಅಂದರೆ ಚಿಕಿತ್ಸೆ ಮಾಡಲು ಅವರಿಗೆ ಲೈಸೆನ್ಸ್ ಇತ್ತು, ನನಗೆ ಇರಲಿಲ್ಲ. ಮೊದಲ ದಿನ ಅವರು ಮೆಟ್ಟಿಲು ಹತ್ತಿ ಬಂದವರು ಒಳಗೆ ಕಾಲಿಡದೆ ಕೊಡೆ ಮಡಚುತ್ತ ಬೋರ್ಡು ಓದಿದರು.

“ಇದು ಯಾರು ಬರೆಸಿದ್ದು?”

“ಸಂಸ್ಥೆಯವರು, ಮೇಡಂ.”

“ಅಳಿಸು ಮಾರಾಯ್ತಿ. ನಾಳೆ ಯಾರಾದರೂ ಬಂದು ಕೇಳಿದ್ರೆ ನನ್ನ ಲೈಸೆನ್ಸ್ ಹೋಗ್ತದೆ. ನಿನ್ನದು ಹೋಗ್ಲಿಕ್ಕೆ ಇಲ್ಲವೇ ಇಲ್ಲ.”

ಪೇಂಟರ್ ಬಂದು ಆ ಪದದ ಮೇಲೆ ಬಿಳಿ ಹಚ್ಚಿ ‘ಸಹಾಯಕಿ’ ಎಂದು ಬರೆದ. ಬಿಳಿ ತೆಳುವಾಗಿತ್ತು. ತೇವ ಹೆಚ್ಚಾದ ದಿನ ಒಳಗಿನಿಂದ ಹಳೆಯ ಅಕ್ಷರ ಎದ್ದು ಕಾಣುತ್ತಿದ್ದವು, ಅದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಬಂದವರು ಬೋರ್ಡು ಓದುತ್ತಿರಲಿಲ್ಲ ಬಿಡಿ. ಅವರಿಗೆ ವಸುಧಾ ‘ಬಾಯಾರು’, ನಾನು ‘ಅಕ್ಕಾರು’.

ಕಟ್ಟಳೆ ಸರಳವಾಗಿತ್ತು. ನಾನು ಕೇಳಿಸಿಕೊಳ್ಳಬಹುದು, ಬರೆದುಕೊಳ್ಳಬಹುದು, ಹೊರಗಿನ ಕೆಲಸಕ್ಕೆ ಜೊತೆಯಾಗಿ ಹೋಗಬಹುದು. ಅವರನ್ನು ಕೇಳದೆ ಚಿಕಿತ್ಸೆಯ ಹೊಸ ಹೆಜ್ಜೆ ಇಡಬಾರದು. ಒಪ್ಪಿದ್ದೆ. ಆದರೆ ಜನಕ್ಕೆ ಕಷ್ಟ ಬರುವುದು ಮಂಗಳವಾರ ಶುಕ್ರವಾರ ನೋಡಿಕೊಂಡಲ್ಲ.

ನೀಲವ್ವನನ್ನು ಅವಳ ಅತ್ತೆ ಗಂಗವ್ವ ಕರೆದುಕೊಂಡು ಬಂದಳು. ನಮ್ಮ ಕಡೆ ಯಾರೂ ಒಬ್ಬರೇ ಬರುವುದಿಲ್ಲ. ಬಂದವರ ಪರವಾಗಿ ಜೊತೆಗೆ ಬಂದವರೇ ಮಾತಾಡುತ್ತಾರೆ. ಇಬ್ಬರ ಸೆರಗೂ ತೊಯ್ದಿದ್ದವು. ಗಂಗವ್ವ ಕುರ್ಚಿಯಲ್ಲಿ ಕೂರದೆ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಸೊಸೆ ಅವಳ ಪಕ್ಕ. ಇಪ್ಪತ್ತೈದರ ಆಸುಪಾಸಿನ ಹುಡುಗಿ, ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟಿದ್ದಳು, ಕಟ್ಟಡದ ಕೆಲಸಕ್ಕೆ ಹೋಗುವ ಹೆಂಗಸರೆಲ್ಲ ತೊಡುವಂತೆ.

“ಗಾಳಿ ಸೋಂಕೇತ್ರಿ ಅಕ್ಕಾರ,” ಎಂದಳು ಗಂಗವ್ವ. “ತಾಯ್ತ ಕಟ್ಟಿಸೇನಿ, ಕಾಯಿ ಒಡಿಸೇನಿ. ಈಗ ನಿಮ್ಮದೊಂದ ಉಳದೈತಿ.”

“ನಮ್ಮಲ್ಲಿ ಸೂಜಿ, ಗುಳಗಿ ಏನೂ ಇಲ್ರಿ ಅವ್ವಾರ. ಬರೇ ಮಾತು.”

“ಬರೇ ಮಾತಿಗೆ ಇಷ್ಟ ದೊಡ್ಡ ಖೋಲಿ, ಮ್ಯಾಲೊಂದು ಫ್ಯಾನು?”

ಸೊಸೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳನ್ನು ನಾನು ಮೊದಲು ನೋಡಿದ್ದು ಆ ನಗುವಿನಲ್ಲಿ.

ಆದದ್ದು ಇಷ್ಟು. ಹಿಂದಿನ ಬೇಸಿಗೆಯಲ್ಲಿ ಅವಳು ಬಸ್ಸಿನಲ್ಲಿ ಪಣಜಿ ಕಡೆಯಿಂದ ಬರುವಾಗ ಝುವಾರಿ ಸೇತುವೆಯ ಮೇಲೆ ವಾಹನಗಳು ಸಿಕ್ಕಿಹಾಕಿಕೊಂಡು ಬಸ್ಸು ನಿಂತಿತ್ತು. ಪಕ್ಕದಲ್ಲಿ ಇನ್ನೊಂದು ಬಸ್ಸು ಹಾದಾಗ ಸೇತುವೆ ಅಲುಗಿತು. “ಕೆಳಗ ನೀರು, ಮ್ಯಾಲ ನಾವು, ನಡುವ ಏನೂ ಇಲ್ಲ ಅನಸ್ತ್ರಿ,” ಎಂದಳು. ಎದೆ ಡವಗುಟ್ಟಿ, ಉಸಿರು ಕಟ್ಟಿ, ಕೈಕಾಲು ಜೋಮು ಹಿಡಿದು, ಸತ್ತೇಹೋದೆ ಎಂದುಕೊಂಡಳಂತೆ. ಅಂದಿನಿಂದ ಬಸ್ಸು ಹತ್ತುವುದನ್ನೇ ಬಿಟ್ಟಿದ್ದಳು. ಸದ್ಯದ ಕೆಲಸ ಮನೆಯ ಹತ್ತಿರವಿತ್ತು, ನಡೆದು ಹೋಗುತ್ತಿದ್ದಳು.

“ಮೂರನೇ ಮಾಳಿಗಿಗೆ ಬುಟ್ಟಿ ಹೊತ್ತ ಏರತೀಯಲ್ಲ, ಅಲ್ಲಿ ಹೆದರಿಕಿ ಇಲ್ಲೇನ?” ಎಂದು ಕೇಳಿದೆ.

“ಅದು ನಾವ ಕಟ್ಟಿದ್ದಲ್ರಿ. ಎಲ್ಲಿ ಗಟ್ಟಿ ಐತಿ, ಎಲ್ಲಿ ಇಲ್ಲ ನಮಗ ಗೊತ್ತಿರತೈತಿ.”

ತೊಂದರೆ ಮುಂದಿತ್ತು. ಗಣೇಶ ಚೌತಿಯ ಹೊತ್ತಿಗೆ ಇಲ್ಲಿಯ ಕಟ್ಟಡ ಮುಗಿಯುವುದಿತ್ತು. ಅವರ ಗುಂಪಿನ ಮುಕಾದಮ ಮುಂದಿನ ಕೆಲಸ ಹಿಡಿದದ್ದು ಹೊಳೆಯ ಆಚೆ, ಬಾಂಬೋಳಿಯಲ್ಲಿ. ದಿನಾ ಬಸ್ಸಿನಲ್ಲಿ ಸೇತುವೆ ದಾಟಿ ಹೋಗಬೇಕು. ದಾಟದವರಿಗೆ ಕೆಲಸವಿಲ್ಲ. ಕೆಲಸವಿಲ್ಲದವಳು ಇಲ್ಲಿದ್ದು ಏನು ಮಾಡುತ್ತಾಳೆ, ಊರಿಗೆ ಹೋಗಿ ಆಡು ಕಾಯಲಿ ಎಂದು ಗಂಗವ್ವ ಆಗಲೇ ತೀರ್ಮಾನಿಸಿದ್ದಳು. ಮಗ ಬಂದರಿನಲ್ಲಿ ದುಡಿಯುತ್ತ ಇಲ್ಲೇ ಇರುತ್ತಾನೆ.

ಗಂಗವ್ವ ಕೆಳಗೆ ಎಲೆಅಡಿಕೆ ಉಗುಳಿ ಬರಲು ಹೋದಾಗ ನೀಲವ್ವ ಮೊದಲ ಸಲ ತಾನಾಗಿ ಮಾತಾಡಿದಳು. “ನಾ ಊರಿಗೆ ಹೋಗಂಗಿಲ್ರಿ ಅಕ್ಕಾರ. ಇಲ್ಲಿ ಶನಿವಾರ ಪಗಾರದ ಹೊತ್ತಿಗೆ ಮುಕಾದಮ ‘ನೀಲವ್ವಾ’ ಅಂತ ಕೂಗತಾನ್ರಿ. ಊರಾಗ ಯಾರೂ ನನ್ನ ಹೆಸರು ಹಿಡದು ಕೂಗಂಗಿಲ್ಲ. ‘ಏ ಇವಳ’ ಅಂತಾರ.”

ಇಷ್ಟು ನೆಟ್ಟಗೆ ಹೇಳಿದಳೇ? ಬಹುಶಃ ಎರಡು ಮೂರು ದಿನಗಳಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ನಾನು ಒಂದೆಡೆ ಹೊಲಿದಿರಬಹುದು. ಹೆಸರಿನ ಮಾತು ಮಾತ್ರ ಅವಳದೇ.

ಮಂಗಳವಾರ ವಸುಧಾ ಅವಳಿಗೆ ದಾರಿ ಹಾಕಿಕೊಟ್ಟರು. ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ: ಮೊದಲು ಸ್ಟಾಪಿನಲ್ಲಿ ನಿಂತು ಬಸ್ಸು ನೋಡುವುದು, ನಿಂತ ಬಸ್ಸಿನಲ್ಲಿ ಕೂರುವುದು, ಸೇತುವೆಗೆ ಮುಂಚಿನ ಕುಠ್ಠಾಳಿಯವರೆಗೆ ಹೋಗಿ ಬರುವುದು, ಸೇತುವೆಯ ತುದಿಗೆ ನಡೆದು ಹೋಗಿ ನಿಲ್ಲುವುದು, ಕೊನೆಗೆ ದಾಟಿ ಆಚೆ ದಡದ ಆಗಶಿಯಲ್ಲಿ ಇಳಿಯುವುದು.

“ಒಂದೊಂದು ಮೆಟ್ಟಿಲ ಮೇಲೂ ಬೇಸರ ಬರುವವರೆಗೆ ನಿಲ್ಲಬೇಕು,” ಎಂದರು. “ಹೆದರಿಕೆ ಹೋಗಿ ಬೇಸರ ಬಂತು ಅಂದ್ರೆ ಆ ಮೆಟ್ಟಿಲು ಮುಗೀತು.”

“ಬಾಯಾರ, ನಿಮಗ ಯಾವದರ ಹೆದರಿಕಿ ಐತೇನ್ರಿ?” ಎಂದು ನೀಲವ್ವ ಕೇಳಿದಳು.

“ಹಲ್ಲಿ.”

“ಹಲ್ಲಿ?” ನೀಲವ್ವ ಗೋಡೆ, ಸೂರು ಎಲ್ಲ ಒಮ್ಮೆ ನೋಡಿ ಬಂದಳು. “ಕುಂದರ್ರಿ, ಇಲ್ಲೊಂದೂ ಇಲ್ಲ.”

ವಾರಗಳು ಹೋದವು. ನಾವಿಬ್ಬರೂ ಸ್ಟಾಪಿನಲ್ಲಿ ನಿಂತು ಬಸ್ಸು ನೋಡಿದೆವು. ಕಂಡಕ್ಟರುಗಳು “ಪಣಜೆ, ಪಣಜೆ” ಎಂದು ಕೂಗುತ್ತ ನಮ್ಮನ್ನು ಕರೆದು ಕರೆದು ಸೋತು, ಆಮೇಲೆ ನಮ್ಮನ್ನು ನೋಡಿದರೆ ನಗತೊಡಗಿದರು. ಕೆಲಸ ಮುಗಿಸಿ ಬರುವಾಗ ಅವಳು ರೊಟ್ಟಿಯಲ್ಲಿ ಶೇಂಗಾ ಚಟ್ನಿ ಸುತ್ತಿ ತರುತ್ತಿದ್ದಳು, ಒಂದು ತನಗೆ, ಒಂದು ನನಗೆ. ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದೆವು. ಧಾರವಾಡದಲ್ಲಿ ನನಗೆ ತಂಗಿಯರಿರಲಿಲ್ಲ. ಊರಿನ ಮಾತು ಆಡದೆ ಗಂಟಲು ಒಣಗಿದ್ದ ದಿನಗಳು ಅವು. ಮನೆಯಲ್ಲಿ ಗಂಡ ಸಂಜೆ ಬ್ಯಾಂಕಿನ ದಣಿವು ಹೊತ್ತು ಬರುತ್ತಿದ್ದರು, ನೆರೆಯವರು ಕೊಂಕಣಿ. ಯಾರು ಯಾರಿಗೆ ಚಿಕಿತ್ಸೆ ಮಾಡುತ್ತಿದ್ದರು ಎಂದು ಈಗ ಕೇಳಿದರೆ ಉತ್ತರಿಸಲು ಕಷ್ಟ.

ಆಮೇಲೆ ಮುಕಾದಮ ಚೌತಿಗೆ ಕಾಯುವುದಿಲ್ಲ, ಮುಂದಿನ ಸೋಮವಾರದಿಂದಲೇ ಬಾಂಬೋಳಿ ಕೆಲಸ ಎಂದ. ನೀಲವ್ವ ಆಗಿನ್ನೂ ಕುಠ್ಠಾಳಿಯ ಮೆಟ್ಟಿಲಲ್ಲಿದ್ದಳು. ಅವಳು ನನ್ನ ಕೋಣೆಗೆ ಬಂದು ಅತ್ತಳು. ಅಂದು ಬುಧವಾರ. ವಸುಧಾ ಬರುವುದು ಶುಕ್ರವಾರ. ಕೆಳಗಿನ ಅಂಗಡಿಯಲ್ಲಿ ಫೋನ್ ಇತ್ತು, ಅವರ ಆಫೀಸಿನ ನಂಬರ್ ನನ್ನ ಬಳಿ ಇತ್ತು. ನಾನು ಫೋನ್ ಮಾಡಲಿಲ್ಲ. “ನಡಿ, ಇವತ್ತ ದಾಟೇಬಿಡೋಣು,” ಎಂದೆ.

ಬಸ್ಸಿನಲ್ಲಿ ಅವಳನ್ನು ಒಳಗಿನ ಬದಿಗೆ ಕೂರಿಸಿ ನಾನು ಕಿಟಕಿಯ ಬದಿಗೆ ಕೂತೆ, ಅವಳಿಗೆ ನೀರು ಕಾಣದಿರಲಿ ಎಂದು. ಕುಠ್ಠಾಳಿ ಹಿಂದೆ ಬಿತ್ತು. ಅವಳ ಕೈ ತಣ್ಣಗಾಗಿತ್ತು, ಎರಡೂ ಕೈಯಲ್ಲಿ ಹಿಡಿದೆ. “ಹೊರಗ ನೋಡಬ್ಯಾಡ. ನನ್ನ ಮುಖ ನೋಡು. ನಾ ಇದೀನಿ,” ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ತುಟಿ ಬಿಳಿಚಿತ್ತು, ಉಗುರು ನನ್ನ ಅಂಗೈಯಲ್ಲಿ ಊರಿದ್ದವು. ಬಸ್ಸು ದಾಟಿತು. ಆಗಶಿಯಲ್ಲಿ ಇಳಿದಾಗ ಅವಳು ರಸ್ತೆಯ ಮೇಲೇ ಕೂತು, ಮೊದಲು ಅತ್ತು, ಆಮೇಲೆ ನಗಲು ಶುರುಮಾಡಿದಳು. ಚಹಾ ಕುಡಿದೆವು, ಪಾವ್ ಭಾಜಿ ತಿಂದೆವು. ಅಂದು ಬಿಸಿಲಿತ್ತು ಎಂದು ನನ್ನ ನೆನಪು ಹಟ ಹಿಡಿಯುತ್ತದೆ. ಇರಲಾರದು. ಅದು ಆ ಸಂತೋಷದ ಬಣ್ಣವಷ್ಟೇ. ವಾಪಸು ಬರುವಾಗಲೂ ಕೈ ಹಿಡಿದೇ ಬಂದೆವು. ಮರುದಿನ ಗುರುವಾರ ಮತ್ತೊಮ್ಮೆ ಹೋಗಿ ಬಂದೆವು.

ಶುಕ್ರವಾರ ವಸುಧಾ ಬಂದ ಕೂಡಲೇ ಹೇಳಿದೆ. ಹೇಳುವಾಗ ನನ್ನ ದನಿ ಹೇಗಿತ್ತೆಂದು ಊಹಿಸಬಲ್ಲೆ; ಪರೀಕ್ಷೆಯ ಫಲಿತಾಂಶ ತಂದ ಹುಡುಗಿಯ ಹಾಗೆ. ಅವರು ಒದ್ದೆ ಚಪ್ಪಲಿ ಕಳಚಿ ಬಾಗಿಲ ಹತ್ತಿರ ಇಟ್ಟು ಬಂದರು.

“ನಿನ್ನ ಕೈ ಎಲ್ಲಿತ್ತು?” ಎಂದರು.

“ಏನು ಮೇಡಂ?”

“ಸೇತುವೆ ದಾಟುವಾಗ. ನಿನ್ನ ಕೈ.”

ಹೇಳಿದೆ. ಅವರು ತಲೆ ಅಲ್ಲಾಡಿಸಿದರು, ಬೈಯಲಿಲ್ಲ. “ಸೋಮವಾರ ನೋಡು,” ಎಂದಷ್ಟೇ ಹೇಳಿದರು.

ಸೋಮವಾರ ನೀಲವ್ವ ಗುಂಪಿನ ಜೊತೆ ಬಸ್ಸು ಹತ್ತಿದಳು. ಕುಠ್ಠಾಳಿಯಲ್ಲಿ ಇಳಿದುಬಿಟ್ಟಳು. ಅಲ್ಲಿಂದ ಝುವಾರಿನಗರಕ್ಕೆ ನಡೆದು ಬಂದು, ಮನೆಗೂ ಹೋಗದೆ ನೇರ ನನ್ನ ಕೋಣೆಗೆ ಬಂದಳು. ಅಂದು ಮಳೆ ಇತ್ತು. ಅವಳ ತಲೆಯ ನೀರು ನನ್ನ ಮೇಜಿನ ಮೇಲೆ ತೊಟ್ಟಿಕ್ಕಿದ್ದು ಗೊತ್ತಿದೆ.

“ಯಾಕ ಇಳದಿ? ಎರಡ ಸಲ ದಾಟೀಯಲ್ಲ?”

“ನೀವ ಇರಲಿಲ್ಲಲ್ರಿ,” ಎಂದಳು. ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಸಂಜೆ ಗಂಗವ್ವ ಬಂದಳು. “ಚಲೋ ಆತು. ಇನ್ನ ಅಕ್ಕಾರನೂ ದಿನಾ ಬಾಂಬೋಳಿಗೆ ಬುಟ್ಟಿ ಹೊರಾಕ ಬರ್ರಿ,” ಎಂದಳು. ಮುಕಾದಮನ ಕೈಕಾಲು ಹಿಡಿದು, ಚೌತಿಯ ತನಕ ಇಲ್ಲಿಯ ಕಟ್ಟಡದ ಕಸ ಬಳಿಯುವ ಕೆಲಸ ಸೊಸೆಗೆ ಕೊಡಿಸಿದ್ದಳಂತೆ. “ಚೌತಿ ಮುಗೀಲಿ. ಆಮ್ಯಾಲೂ ಇಳದ ಬಂದಳಂದ್ರ ಊರಿನ ಬಸ್ಸಿಗೆ ಹತ್ತಸ್ತೇನಿ. ಆ ದಾರ್ಯಾಗ ಈ ಸೇತುವಿ ಬರಂಗಿಲ್ಲ.”

ಮರುದಿನ ವಸುಧಾ ನನ್ನನ್ನು ಕೂರಿಸಿಕೊಂಡು ಮಾತಾಡಿದರು. ಆ ಮಾತನ್ನು ನಾನು ಈಗ ಎಷ್ಟೋ ತರಬೇತಿಗಳಲ್ಲಿ ಹೇಳಿ ಸವೆಸಿಬಿಟ್ಟಿದ್ದೇನೆ, ಅವರು ನಿಜಕ್ಕೂ ಬಳಸಿದ ಪದಗಳು ಒಳಗೆಲ್ಲೋ ಮುಚ್ಚಿಹೋಗಿವೆ. ಸಾರಾಂಶ ಹೀಗೆ: ಹೆದರಿಕೆ ಬರಬೇಕು, ಏರಬೇಕು, ತಾನಾಗಿ ಇಳಿಯಬೇಕು, ಅದು ಇಳಿಯುವುದನ್ನು ಅವಳು ನೋಡಬೇಕು. ನಾನು ಕೈ ಹಿಡಿದದ್ದರಿಂದ ಅವಳಿಗೆ ಅದು ಕಾಣಲೇ ಇಲ್ಲ. ಕಂಡದ್ದು ನನ್ನ ಮುಖ. ಸೇತುವೆ ಗಟ್ಟಿ ಎಂದು ಅವಳು ಕಲಿಯಲಿಲ್ಲ, ಅಕ್ಕ ಗಟ್ಟಿ ಎಂದು ಕಲಿತಳು.

“ನಾನು ಪುಸ್ತಕದಲ್ಲಿ ಓದಿದ್ದೆ ಮೇಡಂ, ಇದೆಲ್ಲ,” ಎಂದೆ.

“ಓದಿರ್ತಿ. ಮೊದಲ ದರ್ಜೆ ಅಲ್ವಾ? ಲೈಸೆನ್ಸ್ ಅಂದ್ರೆ ನಿನಗೆ ಎಂತ ಗೊತ್ತುಂಟು ಅನ್ನೋದಕ್ಕೆ ಕೊಡೋದಲ್ಲ. ನೀನು ಇಂಥ ತಪ್ಪು ಮಾಡುವಾಗ ಪಕ್ಕದಲ್ಲಿ ಒಬ್ಬರು ಕೂತು ನೋಡಿದ್ರು ಅನ್ನೋದಕ್ಕೆ ಕೊಡೋದು. ನನಗೂ ಹಾಗೇ ಕೊಟ್ಟದ್ದು. ನನ್ನ ತಪ್ಪುಗಳು ನಿನ್ನದಕ್ಕಿಂತ ದೊಡ್ಡವು.”

ಯಾವ ತಪ್ಪುಗಳು ಎಂದು ಕೇಳಿದೆ. “ಅವು ನನ್ನ ಪಕ್ಕ ಕೂತು ನೋಡಿದವರಿಗೆ ಗೊತ್ತುಂಟು, ಸಾಕು,” ಎಂದರು. ಅವರು ನನ್ನನ್ನು ನೀಲವ್ವನಿಂದ ತೆಗೆದುಹಾಕಬಹುದಿತ್ತು, ಆ ಅಧಿಕಾರ ಅವರಿಗಿತ್ತು. ಹಾಗೆ ಮಾಡದೆ ಕೈ ಬಿಡಿಸುವ ಹೊಸ ಮೆಟ್ಟಿಲುಗಳನ್ನು ಹಾಕಿದರು. ಈ ಸಲ ಅವು ನನಗೂ ಇದ್ದವು. ಮೊದಲು ನಾನು ಅವಳ ಹಿಂದಿನ ಸೀಟಿನಲ್ಲಿ ಕೂರುವುದು. ಆಮೇಲೆ ಹಿಂದಿನ ಬಸ್ಸಿನಲ್ಲಿ ಬರುವುದು. ಆಮೇಲೆ ಆಗಶಿಯಲ್ಲಿ ಕಾಯುವುದು. ಆಮೇಲೆ ಎಲ್ಲೂ ಇಲ್ಲದಿರುವುದು.

ನೀಲವ್ವನನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಬಿಚ್ಚಿ ಹೇಳಿದರು, ಮುಚ್ಚುಮರೆ ಮಾಡಲಿಲ್ಲ. ಅವಳು ಕೇಳಿಸಿಕೊಂಡು, ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು.

“ನಾ ಏನ ತಪ್ಪ ಮಾಡೇನ್ರಿ ಅಕ್ಕಾರ? ಬಾಜೂಕ ಕುಂತ್ರ ನಿಮಗೇನ ತ್ರಾಸು?”

ನನ್ನ ಬಾಯಿಗೆ ಬಂದ ಮಾತನ್ನು ವಸುಧಾ ಕಣ್ಣಲ್ಲೇ ತಡೆದರು. “ತ್ರಾಸ ಇಲ್ಲ ನೀಲವ್ವ,” ಎಂದೆ. “ನೀ ದಾಟಬೇಕು ಅಂತ.”

“ದಾಟಿದ್ನಲ್ರಿ ನಿಮ್ಮ ಕೂಡ,” ಎಂದು ಅವಳು ಗೋಡೆ ನೋಡುತ್ತ ಕೂತಳು. ಮುಂದಿನ ಸಲ ರೊಟ್ಟಿ ತರಲಿಲ್ಲ.

ಹಿಂದಿನ ಸೀಟಿನ ಮೊದಲ ದಿನ ಕಂಡಕ್ಟರ್ ತಮಾಷೆ ಮಾಡಿದ. ಜೊತೆಗೆ ಹತ್ತಿದವರು, ಅವಳ ಪಕ್ಕದ ಸೀಟು ಖಾಲಿ ಇದೆ, ನೀವೇಕೆ ಹಿಂದೆ, ಜಗಳವೇ ಎಂದು ಕೊಂಕಣಿಯಲ್ಲಿ ಕೇಳಿದ. ನೀಲವ್ವ ಕಿಟಕಿಯ ಹತ್ತಿರ ಕೂತಿದ್ದಳು. ನೀರು ನೋಡಬೇಕೆಂಬುದು ವಸುಧಾ ಹಾಕಿದ ಷರತ್ತು. ನನಗೆ ಕಾಣುತ್ತಿದ್ದದ್ದು ಅವಳ ಹಿಂತಲೆ, ತುರುಬು, ಅಂಗಿಯ ಕಾಲರ್, ಕಾಲರಿನ ಮೇಲೆ ಒಣಗಿದ ಸಿಮೆಂಟು.

ಸೇತುವೆಯ ನಡುವೆ ಬಸ್ಸು ನಿಂತಿತು. ಮುಂದೆ ಏನೋ ಕೆಟ್ಟು ನಿಂತಿರಬೇಕು, ವಾಹನಗಳ ಸಾಲು ಕರಗುವಂತಿರಲಿಲ್ಲ. ಇದು ನಮ್ಮ ಯಾವ ಮೆಟ್ಟಿಲಲ್ಲೂ ಇರಲಿಲ್ಲ. ಎದುರಿನಿಂದ ಒಂದು ಬಸ್ಸು ಬಂತು, ಸೇತುವೆ ತಗ್ಗಿ ಎದ್ದಿತು. ಅವಳ ಭುಜ ಕಿವಿಯವರೆಗೆ ಏರಿತು. ಉಸಿರು ಎಳೆಯುವ ಸದ್ದು ನನಗೆ ಕೇಳುತ್ತಿತ್ತು. ಆಮೇಲೆ ಸೀಟಿನ ಮೇಲಿನ ಕಂಬಿಯ ಮೇಲಿಂದ ಅವಳ ಕೈ ಹಿಂದಕ್ಕೆ ಬಂತು. ತಿರುಗಿ ನೋಡಲಿಲ್ಲ ಅವಳು. ಕೈ ಮಾತ್ರ ಬಂತು, ಬೆರಳುಗಳು ಗಾಳಿಯಲ್ಲಿ ನನ್ನನ್ನು ಹುಡುಕಿದವು.

ನಾನು ನನ್ನ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತೆ.

ಆ ಬೆರಳುಗಳು ನನ್ನ ಮುಖದಿಂದ ಗೇಣುದ್ದ ದೂರದಲ್ಲಿದ್ದವು. ತೋರುಬೆರಳ ಉಗುರು ಒಡೆದಿತ್ತು. ಎಷ್ಟು ಹೊತ್ತು ಹಾಗೆ ಇದ್ದವು ಎಂದು ಕೇಳಬೇಡಿ. ಬಸ್ಸು ನಿಂತೇ ಇತ್ತು. ಒಂದು ಹಂತದಲ್ಲಿ ಅವು ಹುಡುಕುವುದನ್ನು ಬಿಟ್ಟು ಕಂಬಿಯನ್ನು ಹಿಡಿದವು. ಆಮೇಲೆ ಕಂಬಿಯನ್ನೂ ಬಿಟ್ಟು ಮುಂದಕ್ಕೆ ಹೋದವು. ಭುಜ ಇಳಿಯಿತು. ಬಸ್ಸು ಇನ್ನೂ ನಿಂತಿರುವಾಗಲೇ ಅವಳು ಬಾಯಿ ತೆರೆದು ಉದ್ದಕ್ಕೆ ಆಕಳಿಸಿದಳು. ಬೇಸರ ಬರಬೇಕು ಎಂದಿದ್ದರಲ್ಲ ವಸುಧಾ, ಅದು ಬಂದಿತ್ತು.

ಆಗಶಿಯಲ್ಲಿ ಇಳಿದು ಅವಳು ನನ್ನನ್ನು ಕಾಯದೆ ಚಹಾದ ಅಂಗಡಿಯ ಕಡೆ ನಡೆದಳು. ಹಿಂದೆ ಹೋದೆ. “ನೀವ ಹಿಡೀಲಿಲ್ಲ,” ಎಂದಳು, ಲೋಟ ಕೈಯಲ್ಲಿ ಹಿಡಿದು, ನನ್ನ ಕಡೆ ನೋಡದೆ.

“ಇಲ್ಲ.”

“ಕಲ್ಲ ಮನಸಿನವರದೀರಿ ನೋಡ್ರಿ.” ಆಮೇಲೆ ಚಹಾ ಊದಿ ಕುಡಿದು, “ಹೋತದು,” ಎಂದಳು. “ತಾನ ಹೋತು. ಎಲ್ಲಿ ಹೋಗತೈತ್ರಿ ಅದು?”

ಲೈಸೆನ್ಸಿಗಾಗಿ ಬರೆದ ಪರೀಕ್ಷೆಗಳಲ್ಲಿ ಯಾರೂ ಆ ಪ್ರಶ್ನೆ ಕೇಳಲಿಲ್ಲ.

ಹೌದು, ಲೈಸೆನ್ಸು. ಆ ಮಳೆಗಾಲದ ಶುರುವಿನಲ್ಲೇ ವಸುಧಾ ಒತ್ತಾಯಿಸಿ ನನ್ನಿಂದ ಎರಡು ವರ್ಷದ ಕೋರ್ಸಿನ ಪ್ರವೇಶ ಪರೀಕ್ಷೆ ಬರೆಸಿದ್ದರು. ಚೌತಿಯ ಮುಂಚೆ ಸೀಟು ಸಿಕ್ಕ ಸುದ್ದಿ ಬಂತು. ಧಾರವಾಡಕ್ಕೆ ವಾಪಸು ಹೋಗಬೇಕು, ಹಬ್ಬ ಮುಗಿದ ವಾರವೇ. ಗಂಡ ವಾಸ್ಕೋದಲ್ಲೇ ಉಳಿಯುತ್ತಾರೆ, ರಜೆಗೆ ಅವರೇ ಧಾರವಾಡಕ್ಕೆ ಬಂದುಹೋಗುವುದು ಎಂದು ನಿಶ್ಚಯವಾಯಿತು. ನೀಲವ್ವನಿಗೆ ಇದನ್ನು ವಸುಧಾ ನನ್ನಿಂದ ಮೊದಲೇ ಹೇಳಿಸಿದರು. ಅವಳು “ಹೌದ್ರಿ?” ಎಂದಳು, ಅಷ್ಟೇ.

ನಾವು ಮೆಟ್ಟಿಲು ಹತ್ತುತ್ತ ಹೋದೆವು. ನಾನು ಹಿಂದಿನ ಬಸ್ಸಿನಲ್ಲಿ ಹೋದ ದಿನ ಅವಳು ಆಗಶಿಯಲ್ಲಿ ಇಳಿದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, “ನಿಮ್ಮ ಬಸ್ಸ ಭಾಳ ಸಾವಕಾಶ,” ಎಂದು ಗೇಲಿ ಮಾಡಿದಳು. ನಾನು ಆಗಶಿಯಲ್ಲಿ ಕಾದ ದಿನ ಮುಖ ಬೆವೆತಿತ್ತು, ಆದರೂ ಬಂದಳು. ರೊಟ್ಟಿ ಮತ್ತೆ ಶುರುವಾಯಿತು. ನಾನು ಹೋಗುವ ದಿನ ಹತ್ತಿರ ಬಂದಂತೆ ಅವಳ ಜೊತೆಗಿನ ಪ್ರತಿಯೊಂದು ಸಂಜೆಯೂ ಕಡಿಮೆಯೆನಿಸುತ್ತಿತ್ತು, ಆದರೆ ಚಿಕಿತ್ಸೆಯ ಲೆಕ್ಕದಲ್ಲಿ ನಾನು ದಿನದಿನಕ್ಕೆ ದೂರವಾಗುತ್ತಲೇ ಇರಬೇಕಿತ್ತು.

ಕೊನೆಯ ಮೆಟ್ಟಿಲು ಚೌತಿಯ ನಂತರದ ಸೋಮವಾರ, ಅವಳು ಗುಂಪಿನ ಜೊತೆ ಬಾಂಬೋಳಿಗೆ ಹೋಗಬೇಕಾದ ದಿನ. ವಸುಧಾ ಅದರ ಕಟ್ಟಳೆಯನ್ನು ಹಿಂದಿನ ಶುಕ್ರವಾರವೇ ಹೇಳಿ ಹೋದರು.

“ಸ್ಟಾಪಿಗೆ ಹೋಗ್ಬೇಡ. ಆಚೆ ದಡಕ್ಕೂ ಬೇಡ. ಮತ್ತೆ, ದಾಟಿದ್ಲಾ ಇಲ್ವಾ ಅಂತ ಯಾರನ್ನೂ ಕೇಳ್ಬೇಡ.”

“ಗಂಗವ್ವನನ್ನು ಕೇಳಿದರೆ ಏನು?”

“ಅತ್ತೆಯನ್ನು ಕೇಳಿದ್ರೆ ಸಂಜೆಗೆ ಸೊಸೆಗೆ ಮುಟ್ತದೆ, ಅಕ್ಕಾರು ಕೇಳ್ತಿದ್ರು ಅಂತ. ನಾಳೆ ಅವಳು ನಿನಗೋಸ್ಕರ ದಾಟ್ತಾಳೆ. ಮತ್ತೆ ನೀನು ಅವಳ ಪಕ್ಕದ ಸೀಟಲ್ಲೇ.” ಆಮೇಲೆ ಸ್ವಲ್ಪ ಮೆತ್ತಗೆ, “ನಾನು ಆಮೇಲೆ ನೋಡಿಕೊಳ್ತೇನೆ. ನನಗೂ ಬರೀಬೇಡ. ನಿನಗೆ ಗೊತ್ತಾದ್ರೆ ನೀನು ಸುಮ್ಮನಿರೋದಿಲ್ಲ,” ಎಂದರು.

ಸೋಮವಾರ ನಾನು ಮೇಜಿನ ಮುಂದೆ ಕೂತಿದ್ದೆ. ಅವಳು ಬಸ್ಸು ಹತ್ತುವ ಹೊತ್ತು ಬಂತು, ಹೋಯಿತು. ಇಲ್ಲಿ ಒಂದು ಮಾತು ಹೇಳಬೇಕು, ಏಕೆಂದರೆ ನೆನಪು ಇದನ್ನು ಯಾವಾಗಲೂ ಹಾರಿಸಿಕೊಂಡು ಹೋಗುತ್ತದೆ. ಅವಳು ಕುಠ್ಠಾಳಿಯಲ್ಲಿ ಇಳಿದು, ತೊಯ್ದು, ಮೆಟ್ಟಿಲು ಹತ್ತಿ ಬಂದು “ನೀವ ಇರಲಿಲ್ಲಲ್ರಿ” ಎನ್ನಲಿ ಎಂದು ನಾನು ಒಂದು ಗಳಿಗೆ ಆಸೆಪಟ್ಟೆ. ಒಂದು ಗಳಿಗೆಗಿಂತ ಹೆಚ್ಚೇ ಇರಬೇಕು. ಅವಳು ಬರಲಿಲ್ಲ.

ಮೊನ್ನೆ ಪಣಜಿಗೆ ಹೋಗುವಾಗ ಝುವಾರಿನಗರದ ಸ್ಟಾಪಿನಲ್ಲಿ ಇಳಿದು ವಿಚಾರಿಸಬಹುದಿತ್ತು. ಈಗ ನನಗೆ ನೋಂದಣಿ ಸಂಖ್ಯೆ ಇದೆ. ಪಣಜಿಯಲ್ಲಿ ನನ್ನ ತರಬೇತಿಗೆ ಕಾಯುತ್ತಿದ್ದವರು ಅದನ್ನು ಪಡೆಯಬೇಕೆಂದಿರುವ ಹುಡುಗ ಹುಡುಗಿಯರು. ಹಳೆಯ ರೋಗಿಯ ಮನೆ ಹುಡುಕಿಕೊಂಡು ಹೋಗಬಾರದು ಎಂದು ಅವರಿಗೆ ಹೇಳಿಕೊಡುವವಳು ನಾನು. ಬಸ್ಸು ಆ ಸ್ಟಾಪಿನಲ್ಲಿ ನಿಂತಾಗ ತಲೆಗೆ ಟವೆಲು ಸುತ್ತಿ, ಸೀರೆಯ ಮೇಲೆ ಅಂಗಿ ತೊಟ್ಟ ಹೆಂಗಸರು ನುಗ್ಗಿ ಹತ್ತಿದರು. ಒಬ್ಬೊಬ್ಬರ ಮುಖವನ್ನೂ ನೋಡಿದೆ. ಎಂಟು ವರ್ಷದಲ್ಲಿ ಮುಖ ಏನಾಗುತ್ತದೆ ಎಂಬುದು ನನಗೆ ತಿಳಿಯದು. ಯಾರೂ ನನ್ನನ್ನು ನೋಡಲಿಲ್ಲ.

ಕೊನೆಯ ಮೆಟ್ಟಿಲಿನ ಆ ವಾರದ ಬುಧವಾರ, ನಾನು ಹೊರಡುವ ಹಿಂದಿನ ದಿನ, ಬೆಳಿಗ್ಗೆ ಗಂಗವ್ವ ಬಂದಳು. ಒಬ್ಬಳೇ ಬಂದಿದ್ದಳು. ಯಾವತ್ತಿನಂತೆ ಗೋಡೆಗೆ ಒರಗಿ ಕೂತಳು, ಮೊಣಕಾಲು ನೀವಿಕೊಂಡಳು.

“ನಾಳಿಗೆ ಹೊಂಟೀರಂತ.”

“ಹೌದ್ರಿ ಅವ್ವಾರ.”

“ಕಲತವರಿಗೆ ಮತ್ತೇನ ಕಲಸ್ತಾರ್ರಿ?”

“ಕಲತಿದ್ದು ಸಾಲಲಿಲ್ಲಂತ್ರಿ.”

ಅವಳು ನಕ್ಕಳು. ಮೊಣಕಾಲಿನ ಮಾತಾಡಿದಳು, ಬಂಗಡೆಯ ರೇಟಿನ ಮಾತಾಡಿದಳು, ಮೇಲಿನ ತಾಡಪತ್ರಿ ಸೋರುವ ಮಾತಾಡಿದಳು. “ಇವತ್ತ ನಳದ ನೀರೂ ನಾನ ಹೊತ್ತ ತಂದೇನ್ರಿ,” ಎಂದಳು. ನೀರು ತರುವುದು ನೀಲವ್ವನ ಕೆಲಸವಾಗಿತ್ತು. ಅಂದರೆ ಅವಳು ಮನೆಯಲ್ಲಿಲ್ಲ. ಅಂದರೆ ಹೊತ್ತಿಗೆ ಮುಂಚೆ ಬಸ್ಸು ಹಿಡಿದು ಆಚೆ ಹೋಗಿದ್ದಾಳೆ. ಅಥವಾ ಊರಿನ ಬಸ್ಸು ಹತ್ತಿಸಿ ಆಗಿದೆ. ಆ ಒಂದು ವಾಕ್ಯವನ್ನು ಎಂಟು ವರ್ಷ ನಾನು ಎರಡೂ ಕಡೆಯಿಂದ ಹಿಂಡಿದ್ದೇನೆ, ಅದು ಇನ್ನೇನನ್ನೂ ಬಿಟ್ಟುಕೊಟ್ಟಿಲ್ಲ. ಗಂಗವ್ವನ ದನಿಯಲ್ಲಿ ದೂರಿತ್ತೋ ಹೆಮ್ಮೆಯಿತ್ತೋ; ನಮ್ಮ ಕಡೆಯ ಅತ್ತೆಯಂದಿರಲ್ಲಿ ಅವೆರಡೂ ಒಂದೇ ದನಿ.

ಮಾತು ಮುಗಿಯಿತು. ಗಂಗವ್ವ ನನ್ನ ಮುಖವನ್ನೇ ನೋಡುತ್ತ ಕೂತಳು. ಒಳ್ಳೆಯದನ್ನು ತಾವಾಗಿ ಹೇಳಿದರೆ ದೃಷ್ಟಿಯಾಗುತ್ತದೆ, ಎದುರಿನವರು ಕೇಳಬೇಕು, ಆಮೇಲೆ ಸಣ್ಣದು ಮಾಡಿ ಹೇಳಬೇಕು. ನಮ್ಮವರ ರೀತಿ ನನಗೆ ಗೊತ್ತಿಲ್ಲದ್ದೇನಲ್ಲ. ಕೆಟ್ಟದ್ದನ್ನಾದರೂ ಕೇಳದೆ ಹೇಳುವುದು ಹೇಗೆ? ಅವಳು ಕಾಯುತ್ತಿದ್ದಳು. ನಾನು ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

“ಮತ್ತೇನ್ರಿ,” ಎಂದಳು.

“ಏನಿಲ್ರಿ. ನೀವು ಆರಾಮ ಇರ್ರಿ.”

ಅವಳು ಎದ್ದಳು. ಸೆರಗು ಕೊಡವಿ ಬಾಗಿಲ ತನಕ ಹೋಗಿ ನಿಂತಳು. “ಒಂದ ಮಾತ ಕೇಳತೀರೇನೋ ಅಂತ ಬಂದಿದ್ನಿ,” ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ.

ಹೊರಗೆ ಮಳೆ ಬರುತ್ತಿತ್ತು. ಇದು ಖಚಿತ, ಅವಳು ಕೊಡೆ ಬಿಚ್ಚಲು ಒದ್ದಾಡುತ್ತಿದ್ದಳು, ಅದರ ಒಂದು ಕಡ್ಡಿ ಮುರಿದಿತ್ತು. ನಾನು ಎದ್ದು ಬಾಗಿಲಿಗೆ ಹೋದೆ.

“ಮೆಟ್ಟಲಾ ಜಾರತಾವ್ರಿ ಅವ್ವಾರ,” ಎಂದೆ. “ಸಾವಕಾಶ ಇಳೀರಿ.”